ವಾಸಿಯಾಗದ ಭುಜ

ಶಿವಶಂಕರನ ಭುಜದ ಮೂಳೆ ಚೆನ್ನಾಗಿ ಕೂಡಿಕೊಂಡಿದೆ ಎಂದು ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದ ದಿನ ಮನಸಾರೆ ಖುಷಿಪಟ್ಟವಳು ಅವನ ಹೆಂಡತಿ ಪವಿತ್ರ ಒಬ್ಬಳೇ. ಆ ಖುಷಿಯೂ ಆಸ್ಪತ್ರೆಯಿಂದ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಎದುರಿನ ವಕೀಲರ ಆಫೀಸಿಗೆ ನಡೆದು ಹೋಗುವಷ್ಟು ಹೊತ್ತು ಮಾತ್ರ ಬಾಳಿತು.

ವಕೀಲ ಸುಶಮೀಂದ್ರನ ಆಫೀಸಿನ ಮೇಲೆ ಒಂದು ಹಳದಿ ಬೋರ್ಡು ಇತ್ತು. 'ವಿಚ್ಛೇದನ, ಅಪಘಾತ ಪರಿಹಾರ, ಪಾಸ್‌ಪೋರ್ಟು, ವೀಸಾ: ಸಕಲ ಕಾನೂನು ಸಂದೇಹಗಳಿಗೆ ಒಂದೇ ಬಾಗಿಲು.' ವಕೀಲರು ಜಾಹೀರಾತು ಕೊಡಬಾರದೆಂಬ ನಿಯಮವಿರುವುದರಿಂದ ಅವನು ಅದನ್ನು ಸಾರ್ವಜನಿಕ ಮಾಹಿತಿ ಎಂದು ಕರೆಯುತ್ತಿದ್ದ. ಬಾಗಿಲೇನೋ ನಿಜಕ್ಕೂ ಒಂದೇ. ಒಳಗೆ ಹೋದರೆ ಬಲಗಡೆ ಸುಶಮೀಂದ್ರ, ಎಡಗಡೆ ಪ್ಲೈವುಡ್ ಗೋಡೆಯಾಚೆ ಅವನ ಬಾಮೈದ ಶ್ರೀರಾಮ್. ಗಂಡ ಹೆಂಡಿರನ್ನು ಬಿಡಿಸುವುದು, ಬಿದ್ದವರು ಬೇಗ ಏಳದಂತೆ ನೋಡಿಕೊಳ್ಳುವುದು ಬಲಗಡೆಯ ಕೆಲಸ. ಎದ್ದವರನ್ನು ದೇಶ ಬಿಡಿಸುವುದು ಎಡಗಡೆಯದು.

"ಯಾರ್ರೀ ಹೇಳಿದ್ದು ವಾಸಿಯಾಯ್ತು ಅಂತ?" ಸುಶಮೀಂದ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಡಾಕ್ಟ್ರೇ ಅಂದ್ರು ಸಾರ್," ಎಂದ ಶಿವಶಂಕರ, ತಪ್ಪು ಮಾಡಿದವನ ದನಿಯಲ್ಲಿ.

"ಅವರು ವೈದ್ಯಶಾಸ್ತ್ರದ ಪ್ರಕಾರ ಹೇಳಿರ್ತಾರೆ. ನಾನು ಮೋಟಾರು ವಾಹನ ಕಾಯಿದೆ ಪ್ರಕಾರ ಹೇಳ್ತಿದೀನಿ. ನಿಮ್ಮ ಭುಜ ಇನ್ನೂ ವಾಸಿಯಾಗಿಲ್ಲ. ತೀರ್ಪು ಬರೋವರೆಗೂ ಆಗೋದೂ ಇಲ್ಲ."

ಪವಿತ್ರಳಿಗೆ ಅರ್ಥವಾಗಲಿಲ್ಲ. "ವಾಸಿಯಾದ್ರೆ ಒಳ್ಳೇದೇ ಅಲ್ವಾ ಸಾರ್?" ಎಂದು ಕೇಳಿದಳು.

"ನಿಮಗೆ ಒಳ್ಳೇದಮ್ಮ. ಕೇಸಿಗೆ ಒಳ್ಳೇದಲ್ಲ."

ಅಪಘಾತ ದೊಡ್ಡದೇನೂ ಆಗಿರಲಿಲ್ಲ. ಹೊಸಹೊಳಲಿನ ತಿರುವಿನಲ್ಲಿ ನಾಗಮಂಗಲದವರೊಬ್ಬರ ಕಾರು ಬೈಕಿಗೆ ತಗುಲಿ ಶಿವಶಂಕರ ರಸ್ತೆಬದಿಯ ಜಲ್ಲಿಯ ಮೇಲೆ ಬಿದ್ದಿದ್ದ. ತಪ್ಪು ಕಾರಿನವರದೇ. ಅವರೂ ಒಪ್ಪಿಕೊಂಡು, ತಮ್ಮ ಕಾರಿನಲ್ಲೇ ಕೂರಿಸಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ್ದರು. ಬಲಭುಜದ ಮೂಳೆ ಮುರಿದಿತ್ತು. ಮೊದಲ ಕೆಲವು ವಾರ ಅವನಿಗೆ ನೋವು ನಿಜವಾಗಿಯೂ ಇತ್ತು. ಪವಿತ್ರ ಅವನಿಗೆ ಮೈ ತೊಳೆದಳು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು, ಮಗ್ಗುಲು ಬದಲಿಸಲಾಗದೆ ಅವನು ನರಳಿದಾಗ ಎದ್ದು ಕೂತು ಬೆನ್ನು ನೀವಿದಳು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವನು ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಆಗಲೇ. ಆ ದಿನಗಳನ್ನು ನೆನೆದರೆ ಅವಳಿಗೆ ಈಗಲೂ ಬೇಸರವಾಗುವುದಿಲ್ಲ. ಅದಾದ ಮೇಲಿನ ದಿನಗಳದ್ದೇ ತಕರಾರು.

ಸುಶಮೀಂದ್ರನ ಅಪ್ಪಣೆಯಂತೆ ಶಿವಶಂಕರನ ಕೈ ಮತ್ತೆ ಕುತ್ತಿಗೆಗೆ ತೂಗುಹಾಕುವ ಬೆಲ್ಟಿನೊಳಗೆ ಹೋಯಿತು. ಬೂಕನಕೆರೆಯ ಅವರ ಮನೆಯ ಜಗಲಿಯ ಮೇಲೆ ಹಾಸಿಗೆ ಹಾಸಿಯಾಯಿತು. ಎದುರಿಗೆ ಟಿವಿ ಕಾಣುವಂತೆ ಬಾಗಿಲನ್ನು ಸದಾ ತೆರೆದಿಡಬೇಕಾಯಿತು. ಬಂದವರೆಲ್ಲ "ಎಂಗಿದ್ದೀಯಪ್ಪಾ?" ಎಂದರೆ ಅವನು ಕಣ್ಣು ಮುಚ್ಚಿ, "ಏನೋ ಇವ್ನಿ," ಎನ್ನುತ್ತಿದ್ದ. ಇನ್ಷೂರೆನ್ಸ್ ಕಂಪನಿಯವರು ವೇಷ ಮರೆಸಿಕೊಂಡು ಬಂದು ಫೋಟೊ ತೆಗೆಯುತ್ತಾರೆಂದು ವಕೀಲ ಹೆದರಿಸಿದ್ದರಿಂದ, ಬಟ್ಟೆ ಮಾರುವವನು ಬಂದರೂ ಜಗಲಿಯ ಮೇಲಿಂದ ನರಳಾಟ ಕೇಳುತ್ತಿತ್ತು. ಒಂದು ದಿನ ಸರ್ಕಲ್ಲಿಗೆ ಹೊರಡುವ ಅವಸರದಲ್ಲಿ ಅವನು ಬೆಲ್ಟನ್ನು ಎಡಗೈಗೆ ಸಿಕ್ಕಿಸಿಕೊಂಡು ಅಂಗಳ ದಾಟಿಬಿಟ್ಟಿದ್ದ. ಅವನ ತಾಯಿ ದೊಡ್ಡತಾಯಮ್ಮ ಓಡಿ ಹೋಗಿ ಹಿಡಿದರು.

"ಲೇ ಮಗ, ಆ ಕೈ ಅಲ್ಲ ಕಣ್ಲಾ, ಈ ಕೈ!"

ದೊಡ್ಡತಾಯಮ್ಮನಿಗೆ ಮಗನ ಭುಜ ವಾಸಿಯಾಗಿದೆಯೋ ಇಲ್ಲವೋ ಎಂಬುದು ದೊಡ್ಡ ವಿಷಯವಾಗಿರಲಿಲ್ಲ. ಕೋರ್ಟಿಗೆ ಬೇಕೆಂದರೆ ನೋವಿದೆ, ಅಷ್ಟೆ. ಸರ್ಕಾರ ಹೇಳಿದ ಮೇಲೆ ಎದುರಾಡುವುದುಂಟೇ ಎನ್ನುವವರು ಆಕೆ. ಸುಶಮೀಂದ್ರ ಕಪ್ಪು ಕೋಟು ಹಾಕುತ್ತಿದ್ದುದರಿಂದ ಅವನೂ ಸರ್ಕಾರವೇ ಎಂದು ನಂಬಿದ್ದರು.

ಆರು ಸೀಮೆಹಸುಗಳ ಕೊಟ್ಟಿಗೆ ಅವರದು. ಬೆಳಗಿನ ಹಾಲು, ಸಂಜೆಯ ಹಾಲು, ಸಗಣಿ, ಗಂಜಲ, ಗದ್ದೆಯ ಬದುವಿನ ಹುಲ್ಲು, ಡೇರಿಗೆ ಕ್ಯಾನು ಹೊರುವುದು, ಫೀಡಿನ ಮೂಟೆಯನ್ನು ಆಟೊದಿಂದ ಇಳಿಸಿ ಒಳಗಿಡುವುದು, ಎಲ್ಲವೂ ಪವಿತ್ರಳ ಕೈಯಲ್ಲೇ ನಡೆಯುತ್ತಿತ್ತು. ಸೊಂಟಕ್ಕೆ ಸೀರೆಯ ಸೆರಗನ್ನು ಬಿಗಿದು ಅವಳು ಕೊಟ್ಟಿಗೆಗೆ ಹೋಗುವಾಗ ಜಗಲಿಯಿಂದ ಒಂದು ದನಿ ಬರುತ್ತಿತ್ತು: "ಪವಿ, ಅಂಗೇ ಓಗೋವಾಗ ಒಂಚೂರು ಸೌಂಡ್ ಜಾಸ್ತಿ ಮಾಡೋಗು."

ಕೇಸಿನ ಅರ್ಜಿ ತಯಾರಾದ ದಿನ ಸುಶಮೀಂದ್ರ ಅದನ್ನು ಇಬ್ಬರಿಗೂ ಓದಿ ಹೇಳಿದ. ಅರ್ಜಿದಾರನು ಪ್ರಗತಿಪರ ಹೈನುಗಾರನಾಗಿದ್ದು, ದಿನವೂ ಕೋಳಿ ಕೂಗುವ ಮುನ್ನ ಎದ್ದು ತನ್ನ ಸ್ವಂತ ಕೈಯಿಂದ ಹಾಲು ಕರೆಯುತ್ತಿದ್ದನೆಂದೂ, ಹುಲ್ಲಿನ ಹೊರೆಯನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದನೆಂದೂ, ಹೆಂಡತಿಯನ್ನು ಕೊಟ್ಟಿಗೆಯ ಕಷ್ಟಕ್ಕೆ ಬಿಡದೆ ಪ್ರೀತಿಯಿಂದ ಸಾಕುತ್ತಿದ್ದನೆಂದೂ, ಈ ಅಪಘಾತದಿಂದ ಆ ಬಲಿಷ್ಠ ದೇಹವು ನಿಷ್ಪ್ರಯೋಜಕವಾಗಿ ದುಡಿಮೆಯು ಪೂರ್ಣ ನಿಂತುಹೋಗಿದೆಯೆಂದೂ ಅದರಲ್ಲಿತ್ತು.

ಓದು ಮುಗಿದಾಗ ಶಿವಶಂಕರನ ಕಣ್ಣಲ್ಲಿ ನೀರು ನಿಂತಿತ್ತು. ತನ್ನ ಬಗ್ಗೆ ಅವನಿಗೆ ಅಷ್ಟು ಒಳ್ಳೆಯ ಅಭಿಪ್ರಾಯ ಅಲ್ಲಿಯವರೆಗೆ ಇರಲಿಲ್ಲ. ಪವಿತ್ರಳಿಗೂ ಅರ್ಜಿಯೊಳಗಿನ ಶಿವಶಂಕರ ಬಹಳ ಇಷ್ಟವಾದ. ಅಂಥವನು ಸಿಕ್ಕಿದ್ದರೆ ಮದುವೆಯಾಗಬಹುದಿತ್ತು ಎಂದುಕೊಂಡಳು. ಅವಳಿಗೆ ಸಿಕ್ಕವನು ಅಪಘಾತಕ್ಕೆ ಮುಂಚೆ ಬೂಕನಕೆರೆ ಸರ್ಕಲ್ಲಿನ ಕಲ್ಲುಬೆಂಚಿನ ಮೇಲೆ ಕೂತು ಸೈಟು ವ್ಯಾಪಾರ ಮಾಡಿಸುತ್ತೇನೆ ಎನ್ನುತ್ತಿದ್ದ. ಆ ಬೆಂಚಿನ ಮೇಲೆ ನಾಲ್ಕು ವರ್ಷದಲ್ಲಿ ಒಂದು ಸೈಟೂ ಕೈ ಬದಲಾಯಿಸಿರಲಿಲ್ಲ.

ಪ್ಲೈವುಡ್ ಗೋಡೆಯಾಚೆಯಿಂದ ಅರ್ಜಿಯನ್ನು ಕೇಳಿಸಿಕೊಂಡ ಶ್ರೀರಾಮ್ ಅಷ್ಟರಲ್ಲಿ ಎದ್ದು ಬಂದ.

"ಇಷ್ಟು ಒಳ್ಳೇ ಹೈನುಗಾರನ್ನ ಇಲ್ಲೇ ಇಟ್ಕೊಂಡು ಏನ್ ಮಾಡ್ತೀರಿ ಭಾವ? ನ್ಯೂಜಿಲೆಂಡ್‌ನಲ್ಲಿ ಇಂಥೋರನ್ನ ಹುಡುಕ್ತಾ ಇದಾರೆ. ಅಲ್ಲಿ ಮನುಷ್ಯರಿಗಿಂತ ಹಸುಗಳೇ ಜಾಸ್ತಿ."

"ಅವರ ಭುಜ ಸರಿ ಇಲ್ಲವಲ್ಲಯ್ಯ," ಎಂದ ಸುಶಮೀಂದ್ರ.

"ಅದು ನಿಮ್ಮ ರೂಮಿನಲ್ಲಿ ಭಾವ. ನನ್ನ ರೂಮಿನಲ್ಲಿ ಸರಿ ಇದೆ."

ಭಾವ ಬಾಮೈದ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಒಂದೇ ಕಕ್ಷಿದಾರನಿಂದ ಎರಡೂ ರೂಮಿಗೆ ಫೀಸು ಬರುವುದು ಅಪರೂಪ. ಕೇಸು ಇಲ್ಲಿಯ ಕೋರ್ಟಿನದು, ವೀಸಾ ಇನ್ನೊಂದು ದೇಶದ್ದು, ಒಂದರ ಸುದ್ದಿ ಇನ್ನೊಂದಕ್ಕೆ ಹೋಗುವುದಿಲ್ಲ ಎಂದು ತೀರ್ಮಾನವಾಯಿತು. ಶಿವಶಂಕರ ಬೆಲ್ಟು ಹಾಕಿದ ಕೈಯಿಂದಲೇ ಪಾಸ್‌ಪೋರ್ಟಿನ ಅರ್ಜಿಗೆ ಸಹಿ ಮಾಡಿದ. ಸಹಿ ದುಂಡಗೆ, ಸುಂದರವಾಗಿ ಬಂತು.

ನ್ಯೂಜಿಲೆಂಡಿನ ಫಾರಂನವರಿಗೆ ಅಭ್ಯರ್ಥಿ ಕೆಲಸ ಮಾಡುವ ವೀಡಿಯೊ ಬೇಕಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಶ್ರೀರಾಮ್ ಖುದ್ದಾಗಿ ಬೂಕನಕೆರೆಗೆ ಬಂದ. ಶಿವಶಂಕರ ಹೊಸ ಗಂಬೂಟು ಹಾಕಿಕೊಂಡು, ತಲೆಗೆ ಬಣ್ಣ ಹಚ್ಚಿಕೊಂಡು, ಬೆಲ್ಟನ್ನು ಗೂಟಕ್ಕೆ ನೇತುಹಾಕಿ ಬಂದು ನಿಂತ. ದೊಡ್ಡತಾಯಮ್ಮ ಬೀದಿ ಬಾಗಿಲು ಹಾಕಿ ಅದಕ್ಕೆ ಒರಗಿ ಕಾವಲು ಕೂತರು. ಫೋನು ಹಿಡಿಯುವ ಕೆಲಸ ಪವಿತ್ರಳಿಗೆ ಬಿತ್ತು.

ಮೊದಲು ಹಾಲು ಕರೆಯುವ ದೃಶ್ಯ. ಚೆಲುವಿ ಎಂಬ ಹಸು ತನ್ನ ಬಳಿ ಕೂತವನನ್ನು ತಿರುಗಿ ನೋಡಿತು. ಮೂಸಿತು. ಆಮೇಲೆ ಪವಿತ್ರಳ ಕಡೆ ನೋಡಿತು. ಶಿವಶಂಕರ ಕೆಚ್ಚಲಿಗೆ ಕೈಯಿಟ್ಟದ್ದೇ ತಡ, ಬಕೀಟು ಒಂದು ಕಡೆ, ಅವನು ಒಂದು ಕಡೆ.

"ಕಟ್!" ಎಂದ ಶ್ರೀರಾಮ್. ಎಲ್ಲಿಂದಲೋ ಕಲಿತುಕೊಂಡಿದ್ದ.

"ಅದ್ರ ಅಣೆ ಸವರುಬುಟ್ಟು ಆಮೇಲೆ ಕೂತ್ಕೊಳ್ಳಿ," ಎಂದಳು ಪವಿತ್ರ. "ಮೊದ್ಲು ಕರು ಬುಡಿ, ಕೆಚ್ಲು ಸೊರೆ ಬುಟ್ಮೇಲೆ ಕರೀರಿ."

"ಗೊತ್ತು ಕಣೇ, ನಂಗೇ ಏಳ್ಕೊಡ್ಬೇಡ," ಎಂದು ಗಂಡ ಮೈ ಕೊಡವಿಕೊಂಡು ಎದ್ದ.

ಕೊನೆಗೆ ಪವಿತ್ರಳೇ ಕೆಚ್ಚಲು ತೊಳೆದು, ಕರುವನ್ನು ಬಿಟ್ಟು, ಹಾಲಿಳಿಸಿ, ಮುಕ್ಕಾಲು ಬಕೀಟು ತುಂಬಿಸಿ ಎದ್ದಳು. ಶಿವಶಂಕರ ಅದೇ ಬಕೀಟಿನ ಮುಂದೆ ಕೂತು ಎರಡು ಧಾರೆ ಹಿಂಡಿದ. ಶ್ರೀರಾಮ್ ಸಾಕೆಂದ. ಆಮೇಲೆ ಮೂಟೆ ಎತ್ತುವ ದೃಶ್ಯ. ಕೊಠಡಿಯಿಂದ ಫೀಡಿನ ಮೂಟೆಯನ್ನು ಅಂಗಳಕ್ಕೆ ತಂದಿಟ್ಟವಳೂ ಪವಿತ್ರಳೇ. ಶಿವಶಂಕರ ಬಾಗಿದ, ಒಂದೇ ಸಲಕ್ಕೆ ಮೂಟೆಯನ್ನು ಎತ್ತಿ ಬಲಭುಜದ ಮೇಲೆ ಹಾಕಿಕೊಂಡ, ಕ್ಯಾಮರಾ ನೋಡಿ ನಕ್ಕ, ಅಂಗಳದ ಉದ್ದಕ್ಕೂ ಎರಡು ಸಲ ನಡೆದ.

ಪವಿತ್ರಳ ಕೈಯಲ್ಲಿದ್ದ ಫೋನು ಅಲುಗಲಿಲ್ಲ. ಮೂಳೆ ಕೂಡಿದೆಯೆಂದು ಅವಳಿಗೆ ಗೊತ್ತಿತ್ತು. ಇಷ್ಟು ಸಲೀಸಾಗಿ ಎತ್ತುತ್ತಾನೆಂದು ಗೊತ್ತಿರಲಿಲ್ಲ. ಹೋದ ವಾರ ತಾನು ಅದೇ ಮೂಟೆಯನ್ನು ಆಟೊದಿಂದ ಇಳಿಸುವಾಗ ಸೊಂಟ ಹಿಡಿದುಕೊಂಡು ನೆಲದ ಮೇಲೆ ಕೂತದ್ದನ್ನು ಇವನು ಜಗಲಿಯಿಂದ ನೋಡಿದ್ದ. ನೋಡಿ, ಚಾನೆಲ್ ಬದಲಾಯಿಸಿದ್ದ.

"ನಿಮ್ಗೆ ಎತ್ತಕ್ಕಾಯ್ತದೆ ಅಲ್ವಾ?" ಎಂದಳು.

"ಇದು ನ್ಯೂಜಿಲೆಂಡ್‌ಗೆ ಕಣೇ," ಎಂದ ಅವನು, ಮೂಟೆ ಕೆಳಗೆ ಹಾಕುತ್ತಾ.

ಶ್ರೀರಾಮ್ ಕೊನೆಗೆ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದ. ಗಂಡ ಹೆಂಡತಿ ಜೋಡಿಯಾಗಿ ಬಂದರೆ ಫಾರಂನವರು ಬೇಗ ಒಪ್ಪುತ್ತಾರಂತೆ. "ಸ್ವಲ್ಪ ನಗಬೇಕಮ್ಮ, ಸಂಸಾರ ಚೆನ್ನಾಗಿದೆ ಅಂತ ಕಾಣ್ಬೇಕು," ಎಂದ. ಪವಿತ್ರ ನಕ್ಕಳು. ವೀಡಿಯೊ ಮುಗಿದು ಶ್ರೀರಾಮ್ ಹೊರಟುಹೋದ. ಶಿವಶಂಕರ ಗೂಟದಿಂದ ಬೆಲ್ಟು ತೆಗೆದು ಹಾಕಿಕೊಂಡು, "ಯಾಕೋ ನೋಯ್ತಾ ಐತೆ," ಎಂದು ಹಾಸಿಗೆಗೆ ಹೋದ. ಅಂಗಳದ ನಡುವೆ ಬಿದ್ದಿದ್ದ ಮೂಟೆಯನ್ನು ಪವಿತ್ರ ಎಳೆದು ಕೊಠಡಿಗೆ ಸೇರಿಸಿದಳು. ಬಾಗಿಲು ಹಾಕಿ ಹೊರಗೆ ಬರುವಷ್ಟರಲ್ಲಿ ಅವಳ ತೀರ್ಮಾನವೂ ಆಗಿತ್ತು.

ಮಾರನೆಯ ದಿನ ಅವಳು ನೇರವಾಗಿ ಹಳದಿ ಬೋರ್ಡಿನ ಆಫೀಸಿಗೇ ಹೋದಳು. ಎಲ್ಲಾ ಸಂದೇಹಗಳಿಗೆ ಒಂದೇ ಬಾಗಿಲು ಎಂದು ಬರೆದಿತ್ತಲ್ಲ.

"ಸಾರ್, ಡೈವೋರ್ಸ್ ತಗೊಳ್ಳೋದು ಎಂಗೆ?"

ಸುಶಮೀಂದ್ರನ ಮುಖ ಅರಳಿತು. ಹೊಸ ಹಾಳೆ ಎಳೆದುಕೊಂಡ. "ಬಹಳ ಸುಲಭ ಅಮ್ಮ. ಗಂಡ ಕುಡಿತಾನಾ? ಹೊಡಿತಾನಾ? ಯಾರದಾದ್ರೂ ಸಹವಾಸ ಇದೆಯಾ? ಕ್ರೌರ್ಯ ಅಂತ ಹಾಕೋಣ್ವಾ? ಹುಡುಗಿ ಕಡೆ ಯಾರು, ನಿಮ್ಮ ತಂಗೀನಾ?"

"ನಾನೇ ಸಾರ್."

ಪೆನ್ನು ಗಾಳಿಯಲ್ಲಿ ನಿಂತಿತು. ಅವನು ಹಾಳೆಯನ್ನು ಮೆಲ್ಲಗೆ ಮಡಿಸಿದ. "ನೀವು ಹಾಗೆಲ್ಲ ಮಾಡೋ ಹಾಗಿಲ್ಲಮ್ಮ. ಅಪಘಾತದ ಕೇಸಿನಲ್ಲಿ ನೀವೇ ಮುಖ್ಯ ಸಾಕ್ಷಿ. ಗಂಡನ ಸ್ಥಿತಿ ನೋಡಿ ಕೊರಗುತ್ತಾ ಇರೋ ಹೆಂಡತಿ ಅಂತ ಬರೆದಿದೀನಿ."

"ಕೊರಗ್ತಾನೇ ಇವ್ನಿ ಸಾರ್."

"ಹಾಗಲ್ಲ. ಎಲ್ಲಕ್ಕೂ ಒಂದು ಕ್ರಮ ಇರುತ್ತೆ. ಮೊದಲು ಪರಿಹಾರ ಬರಲಿ..."

"ಪರಿಹಾರ ಆದ ಮೇಲೆ ವೀಸಾ ಭಾವ!" ಪ್ಲೈವುಡ್ಡಿನಾಚೆಯಿಂದ ಕೂಗು ಬಂತು. "ಜೋಡಿ ಅಂತ ಹಾಕಿದೀವಿ. ಡೈವೋರ್ಸ್ ಬೇಕಿದ್ರೆ ಅಲ್ಲಿಗೆ ಹೋದ್ಮೇಲೆ ತಗೊಳ್ಳಲಿ. ಅಲ್ಲಿ ಕೋರ್ಟುಗಳೂ ತುಂಬಾ ಕ್ಲೀನಾಗಿವೆಯಂತೆ!"

ಪವಿತ್ರ ಎದ್ದು ನಿಂತಳು. ನಗು ಬಂತು. ಅಲ್ಲಿ ನಕ್ಕರೆ ಅದಕ್ಕೂ ಫೀಸು ಕೇಳಿಯಾರೆಂದು ತಡೆದುಕೊಂಡು ಹೊರಗೆ ಬಂದಳು.

ಪಾಂಡವಪುರದಲ್ಲಿ ಅವಳ ತೌರುಮನೆ. ಅಲ್ಲಿಯ ಹೈಸ್ಕೂಲಿನಲ್ಲಿ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಚೈತ್ರ ಈಗ ವಕೀಲೆ. ಪವಿತ್ರ ಅವಳ ಆಫೀಸಿಗೆ ಹೋದಳು. ಬೋರ್ಡಿನಲ್ಲಿ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ಪವಿತ್ರ ಹೇಳಿದ್ದನ್ನೆಲ್ಲ ಕೇಳಿದಳು, ಮೂಟೆಯ ಮಾತು ಬಂದಾಗ ಮಾತ್ರ, "ನ್ಯೂಜಿಲೆಂಡ್‌ಗೆ ಅಂದ್ನಾ?" ಎಂದು ಇನ್ನೊಂದು ಸಲ ಕೇಳಿ ಖಚಿತಪಡಿಸಿಕೊಂಡಳು.

"ಈಗ ನೀನು ಸಾಕ್ಷಿ ಹೇಳಕ್ಕೆ ಹೋಗ್ಬೇಕು ತಾನೇ? ಹೋಗು. ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳು. ಒಂದು ಮಾತೂ ಜಾಸ್ತಿ ಬೇಡ, ಕಮ್ಮಿ ಬೇಡ. ಪ್ರಮಾಣ ಮಾಡಿ ಸುಳ್ಳು ಹೇಳಿದ್ರೆ ಸಿಕ್ಕಾಕ್ಕೊಳೋದು ನೀನು, ಹೇಳಿಕೊಟ್ಟ ಲಾಯರಲ್ಲ. ಡೈವೋರ್ಸಿಗೆ, ಇಬ್ರೂ ಒಪ್ಪೋದಾದ್ರೆ ಒಂದು ವರ್ಷ ಬೇರೆ ಬೇರೆ ಇದ್ದು ಆಮೇಲೆ ಅರ್ಜಿ ಹಾಕ್ಬೇಕು. ಒಪ್ಪದಿದ್ರೆ ಬೇರೆ ದಾರಿ ನೋಡೋಣ."

"ಒಂದೇ ಮನೇಲಿ ಬೇರೆ ಬೇರೆ ಇದ್ರೆ ಲೆಕ್ಕ ಬರ್ತದಾ? ಅವ್ರು ಜಗಲೀಲಿ, ನಾನು ಕೊಟ್ಗೇಲಿ. ಅಂಗಾದ್ರೆ ನಾಲ್ಕು ವರ್ಷ ಆಗೋಗೈತೆ."

ಚೈತ್ರ ನಗಲಿಲ್ಲ. ಪವಿತ್ರಳ ಅಂಗೈ ಹಿಡಿದು, ಹುಲ್ಲು ಕುಯ್ದು ಗಟ್ಟಿಯಾದ ಜಾಗವನ್ನು ಹೆಬ್ಬೆರಳಿನಿಂದ ಸವರಿ, "ಬಿಟ್ಟು ಬಾ," ಎಂದಳು.

ಸಾಕ್ಷಿಯ ದಿನ ಬಂತು. ಸುಶಮೀಂದ್ರ ಕೋರ್ಟಿನ ವರಾಂಡದಲ್ಲಿ ಪವಿತ್ರಳಿಗೆ ಪಾಠ ಹೇಳಿದ. ಪಾಠವೂ ಕಷ್ಟದ್ದಾಗಿರಲಿಲ್ಲ. "ಈಗ ಮನೆ ಕೆಲಸ, ಕೊಟ್ಟಿಗೆ ಕೆಲಸ ಯಾರು ಮಾಡ್ತಾರೆ ಅಂತ ಕೇಳ್ತಾರೆ. ನಾನೇ ಅನ್ನಿ. ನಿಜ ತಾನೇ? ನಿಜ ಹೇಳೋಕೆ ಯಾಕಮ್ಮ ಭಯ?"

"ಭಯ ಏನಿಲ್ಲ ಸಾರ್," ಎಂದಳು ಅವಳು.

ಶಿವಶಂಕರ ಮೊದಲೇ ಸಾಕ್ಷಿ ಹೇಳಿ ಮುಗಿಸಿದ್ದ. ನರಳುತ್ತಾ ಹೇಳಿದ್ದರಿಂದ ಅವನ ಹೇಳಿಕೆಗೆ ಬಹಳ ಹೊತ್ತು ಹಿಡಿದಿತ್ತು. ಈಗ ಅವನು ಹಿಂದಿನ ಬೆಂಚಿನಲ್ಲಿ ತಾಯಿಯ ಪಕ್ಕದಲ್ಲಿ, ಬೆಲ್ಟಿನೊಳಗೆ ಕೈ ಇಟ್ಟುಕೊಂಡು ಕೂತಿದ್ದ. ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ಒಮ್ಮೆ ಪವಿತ್ರಳನ್ನು ನೋಡಿ, ಶುರು ಮಾಡಿ ಎಂದರು. ಸುಶಮೀಂದ್ರ ತನ್ನ ಪ್ರಶ್ನೆಗಳನ್ನು ಕೇಳಿ, ಬೇಕಾದ ಉತ್ತರ ಪಡೆದು, ತೃಪ್ತಿಯಿಂದ ಕೂತ.

ಇನ್ಷೂರೆನ್ಸ್ ಕಂಪನಿಯ ಪರವಾಗಿ ಶ್ರೀರಂಗಪಟ್ಟಣದ ಅನಂತರಾಮು ಎಂಬ ವಯಸ್ಸಾದ ವಕೀಲರು ಎದ್ದರು. ಯಾರನ್ನೂ ಗದರಿಸಿ ಗೊತ್ತಿಲ್ಲದ ಮನುಷ್ಯ. ದೇವಸ್ಥಾನದಲ್ಲಿ ತೀರ್ಥ ಕೊಡುವವರ ಹಾಗೆ ಮುಂದಕ್ಕೆ ಬಾಗಿ ಕೇಳಿದರು.

"ಈಗ ಹಾಲು ಕರೆಯೋದು ಯಾರಮ್ಮ?"

"ನಾನೇ ಸಾ."

"ಹುಲ್ಲು ತರೋದು, ಡೇರಿಗೆ ಹಾಕೋದು?"

"ನಾನೇ."

ಸುಶಮೀಂದ್ರ ತಲೆದೂಗಿದ.

"ಪಾಪ, ಕಷ್ಟ. ಅಪಘಾತಕ್ಕೆ ಮುಂಚೆ ಯಾರು ಮಾಡ್ತಿದ್ರು?"

"ಆಗ್ಲೂ ನಾನೇ ಸಾ."

ಸಾಕ್ಷಿಯನ್ನು ಟೈಪು ಮಾಡುತ್ತಿದ್ದವಳ ಕೈ ನಿಂತಿತು. ಸುಶಮೀಂದ್ರನ ತಲೆದೂಗುವಿಕೆ ಅರ್ಧಕ್ಕೆ ನಿಂತು, ಅವನು ಕುತ್ತಿಗೆ ಹಿಡಿದುಕೊಂಡವನಂತೆ ಕಂಡ. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಪ್ರಶ್ನೆ ಸರಿಯಾಗಿ ಕೇಳಿಸ್ತಾ ಅಮ್ಮ? ಅಪಘಾತಕ್ಕೆ ಮುಂಚೆ ಅಂತ ಕೇಳಿದ್ದು."

"ಕೇಳುಸ್ತು ಮೇಡಂ. ಮದ್ವೆಯಾದ ಮಾರ್ನೆ ದಿನದಿಂದ ನಾನೇ."

ಅನಂತರಾಮು ಇಂಥ ಉತ್ತರಕ್ಕೆ ತಯಾರಾಗಿ ಬಂದಿರಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಒಮ್ಮೆ ನೋಡಿದರು. ಅದರಲ್ಲಿ ಮುಂದಿನ ಪ್ರಶ್ನೆ ಇರಲಿಲ್ಲವಾದ್ದರಿಂದ ಸ್ವಂತ ಕುತೂಹಲದಿಂದಲೇ ಕೇಳಿದರು. "ಹಾಗಾದ್ರೆ ನಿಮ್ಮ ಯಜಮಾನರು ಆಗ ಏನು ಮಾಡ್ತಿದ್ರು?"

"ಸರ್ಕಲ್ಲಲ್ಲಿ ಕೂತಿರೋರು."

"ಈಗ?"

"ಜಗಲೀಲಿ ಕೂತಿರ್ತಾರೆ."

"ಅಂದ್ರೆ ಅಪಘಾತದಿಂದ ಬದಲಾಗಿದ್ದೇನಮ್ಮ?"

ಪವಿತ್ರ ನಿಜವಾಗಿಯೂ ಯೋಚಿಸಿದಳು. ಹೆಚ್ಚೂ ಬೇಡ, ಕಮ್ಮಿಯೂ ಬೇಡ ಎಂದು ಚೈತ್ರ ಹೇಳಿದ್ದಳಲ್ಲ. "ಕೂರೋ ಜಾಗ ಸಾ," ಎಂದಳು.

ಕೋರ್ಟಿನಲ್ಲಿ ಯಾರೂ ನಗಬಾರದು. ನಕ್ಕವರೆಲ್ಲ ಕೆಮ್ಮಿದರು. ನ್ಯಾಯಾಧೀಶೆಯೂ ಒಂದು ಸಲ ಕೆಮ್ಮಿದರು.

ಆ ಕೆಮ್ಮನ್ನು ಶಿವಶಂಕರನಿಗೆ ಸಹಿಸಲಾಗಲಿಲ್ಲ. ಮೂಳೆ ಮುರಿದಾಗ ಕೂಡ ಅವನಿಗೆ ಅಷ್ಟು ನೋವಾಗಿರಲಿಲ್ಲ. ತುಂಬಿದ ಕೋರ್ಟಿನಲ್ಲಿ, ಅರ್ಧ ತಾಲ್ಲೂಕು ಕೂತಿರುವಲ್ಲಿ, ಕೈಲಾಗದವನೆಂದು ಕರೆಸಿಕೊಳ್ಳುವುದು ಬೇರೆ. ಕೈಲಾಗುತ್ತಿದ್ದಾಗಲೂ ಏನೂ ಮಾಡದವನೆಂದು ಕರೆಸಿಕೊಳ್ಳುವುದು ಬೇರೆ. ಅವನು ಎದ್ದು ನಿಂತ.

"ಸುಳ್ಳು ಮೇಡಂ! ಇವ್ಳು ಸುಳ್ಳೇಳ್ತಾವ್ಳೆ! ನಾನು ಹಾಲು ಕರ್ದಿವ್ನಿ! ಮೂಟೆ ಒತ್ತಿವ್ನಿ, ಇದೇ ಭುಜದ ಮೇಲೆ! ಬೇಕಾರೆ ವೀಡಿಯೋ ಐತೆ ನೋಡಿ!"

ಹಾಗೆನ್ನುತ್ತಾ ಬಲಗೈಯನ್ನು ಬೆಲ್ಟಿನಿಂದ ಕಿತ್ತು, ಜೇಬಿನಿಂದ ಫೋನು ತೆಗೆದು, ನ್ಯಾಯಾಧೀಶೆಗೆ ಕಾಣಲೆಂದು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿ ಹಿಡಿದ.

ದೊಡ್ಡತಾಯಮ್ಮ ಅವನ ಅಂಗಿ ಜಗ್ಗಿದರು. "ಲೇ, ಇಳ್ಸ್ಲಾ! ಕೈ ಇಳ್ಸ್ಲಾ!"

"ಯಾವಾಗಿನ ವೀಡಿಯೊ ಅದು?" ನ್ಯಾಯಾಧೀಶೆ ಶಾಂತವಾಗಿ ಕೇಳಿದರು.

"ಓದ್ ತಿಂಗ್ಳುದು ಮೇಡಂ! ನ್ಯೂಜಿಲೆಂಡ್‌ಗೆ ಕಳ್ಸಿರೋದು!"

ಸುಶಮೀಂದ್ರ ಕನ್ನಡಕ ತೆಗೆದು ಒರೆಸತೊಡಗಿದ. ಒರೆಸುತ್ತಲೇ ಇದ್ದ. ಅನಂತರಾಮು ಮಾತ್ರ ಅದೇ ತೀರ್ಥ ಕೊಡುವ ಭಂಗಿಯಲ್ಲಿ, "ಅರ್ಜಿದಾರರೇ ಹಾಜರುಪಡಿಸ್ತಿದಾರೆ, ನಮ್ಮ ಆಕ್ಷೇಪಣೆ ಇಲ್ಲ ಮೇಡಂ," ಎಂದರು.

ಕೋರ್ಟಿನಿಂದ ಹೊರಬಂದ ಪವಿತ್ರ ಬಸ್ ಸ್ಟ್ಯಾಂಡಿಗೆ ನಡೆದಳು. ಬೂಕನಕೆರೆಗೆ ಹೋಗುವ ಬಸ್ಸೂ ನಿಂತಿತ್ತು, ಪಾಂಡವಪುರದ್ದೂ ನಿಂತಿತ್ತು. ಅವಳು ಪಾಂಡವಪುರದ್ದನ್ನು ಹತ್ತಿದಳು. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇತ್ತು. ಬಸ್ಸು ಚಿನಕುರಳಿ ದಾಟುವವರೆಗೆ ಧೈರ್ಯವಾಗಿಯೇ ಕೂತಿದ್ದಳು. ಆಮೇಲೆ ಗಡಿಯಾರ ನೋಡಿದಳು. ಸಂಜೆಯ ಹಾಲಿನ ಹೊತ್ತು. ಕೆಚ್ಚಲು ಬಿಗಿದು ಚೆಲುವಿ ಬಾಗಿಲ ಕಡೆ ನೋಡುತ್ತಿರುತ್ತದೆ ಎಂದುಕೊಂಡದ್ದೇ ಅವಳಿಗೆ ಅಳು ಬಂದುಬಿಟ್ಟಿತು. ಗಂಡನನ್ನು ಬಿಟ್ಟು ಹೊರಟಾಗ ಬಾರದಿದ್ದ ಅಳು. ಪಕ್ಕದಲ್ಲಿದ್ದ ಹೆಂಗಸು, "ಯಾರಾರೂ ಓಗ್ಬುಟ್ರೇನವ್ವ?" ಎಂದು ಕೇಳಿ, ಬಾಳೆಹಣ್ಣು ಕೊಟ್ಟಳು. ಪವಿತ್ರ ಅದನ್ನು ತಿಂದಳು.

ತೀರ್ಪು ಬಂತು. ಆಸ್ಪತ್ರೆಯ ಖರ್ಚು, ಅನುಭವಿಸಿದ ನೋವಿಗೆ ಒಂದಿಷ್ಟು, ಅಷ್ಟೆ. ದುಡಿಮೆಯ ನಷ್ಟದ ಬಾಬ್ತಿನಲ್ಲಿ, ಇಲ್ಲದ ದುಡಿಮೆ ನಷ್ಟವಾಗಲಾರದು ಎಂದು ನ್ಯಾಯಾಧೀಶೆ ಬರೆದಿದ್ದರು. ಸುಶಮೀಂದ್ರ ಮೇಲ್ಮನವಿ ಹಾಕೋಣವೆಂದ. ಶಿವಶಂಕರ ಮೊದಲ ಬಾರಿಗೆ ಅವನಿಗೆ ಬೇಡವೆಂದ. ನ್ಯೂಜಿಲೆಂಡಿನಿಂದಲೂ ಉತ್ತರ ಬಂತು. ಶ್ರೀರಾಮ್ ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಹೇಳುವಾಗ ಆದಷ್ಟೂ ಮೆತ್ತಗೆ ಮಾಡಲು ನೋಡಿದ. ಆದರೂ ಅದರ ಸಾರ ಇಷ್ಟೇ: ಆ ಹಸುವಿಗೆ ಈ ಮನುಷ್ಯನ ಪರಿಚಯವಿದ್ದಂತಿಲ್ಲ.

ದೊಡ್ಡತಾಯಮ್ಮ ಒಂದು ದಿನ ಪಾಂಡವಪುರಕ್ಕೆ ಬಂದರು. ಜಗಳಕ್ಕೆ ಬಂದಿದ್ದಾರೆಂದು ಪವಿತ್ರಳ ತಾಯಿ ಮಾಯಮ್ಮ ಸೆರಗು ಕಟ್ಟಿ ನಿಂತರು. ಆದರೆ ಆಕೆ ಒಳಗೆ ಬಂದು, ಗೋಡೆಗೆ ಒರಗಿ ಕೂತು, ಕಾಲು ನೀಡಿ ನೀರು ಕೇಳಿದರು. ನಾಲ್ಕು ಹಸು ಮಾರಿದೆವು, ಎರಡು ಉಳಿದಿವೆ, ನಾನೇ ಕರೆಯುತ್ತಿದ್ದೇನೆ ಎಂದರು.

"ಅವ್ರು ಕರಿಯಲ್ವಾ ಅತ್ತೆ?"

"ಅವ್ನಾ?" ದೊಡ್ಡತಾಯಮ್ಮ ನೀರಿನ ಲೋಟ ಕೆಳಗಿಟ್ಟರು. "ನಿಮ್ಮಾವ ಇದ್ದಾಗ ನಾನೊಬ್ಳೇ ಕರ್ದೆ ಕಣವ್ವ, ಅವ್ರು ಓಗೋವರ್ಗೂ. ಅವ್ರ್ಗೆ ಯಾವ ಆಕ್ಸಿಡೆಂಟೂ ಆಗಿರ್ಲಿಲ್ಲ."

ಅದನ್ನು ಹೇಳಿ ಆಕೆ ಸೊಸೆಯ ಕಡೆ ನೋಡಲಿಲ್ಲ. ವಾಪಸು ಬಾ ಎಂದೂ ಹೇಳಲಿಲ್ಲ. ಊಟ ಮಾಡಿಕೊಂಡು ಸಂಜೆಯ ಹಾಲಿನ ಹೊತ್ತಿಗೆ ಸರಿಯಾಗಿ ಬೂಕನಕೆರೆ ಸೇರಬೇಕೆಂದು ಬಸ್ಸಿಗೆ ಅವಸರ ಮಾಡಿದರು. ಪವಿತ್ರ ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದಳು.

ಅವಳಿಗೆ ಅಷ್ಟರಲ್ಲಿ ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಸಿಕ್ಕಿತ್ತು. ನೀರು ಬೆರೆಸಿ ತಂದವರು, "ಮಳೇಲಿ ನೆಂದ್ಬುಟ್ಟದೆ ಕಣಕ್ಕ," ಎಂದು ನಗುತ್ತಿದ್ದರು. ಸಂಬಳ ಅವಳ ಕೈಗೇ ಬರುತ್ತಿತ್ತು.

ಒಂದು ವರ್ಷ ಕಳೆದ ಮೇಲೆ ಇಬ್ಬರೂ ಒಪ್ಪಿ ಅರ್ಜಿ ಹಾಕಿದರು. ಶಿವಶಂಕರ ಒಪ್ಪಿದ್ದಕ್ಕೆ ಕಾರಣ ದೊಡ್ಡದೇನಲ್ಲ. ತಕರಾರು ತೆಗೆದರೆ ಕೇಸು ನಡೆಯುತ್ತದೆ, ಕೇಸು ನಡೆದರೆ ಪವಿತ್ರ ಮತ್ತೆ ಕಟಕಟೆ ಹತ್ತುತ್ತಾಳೆ ಎಂದು ಸುಶಮೀಂದ್ರ ಹೇಳಿದ್ದನಂತೆ. ಕೋರ್ಟು ಅದೇ, ನ್ಯಾಯಾಧೀಶೆಯೂ ಅವರೇ. ಅವರಿಗೆ ಈ ಜೋಡಿ ಚೆನ್ನಾಗಿ ನೆನಪಿತ್ತು. ಶಿವಶಂಕರನ ಹೆಸರು ಕೂಗಿದಾಗ ಪೆನ್ನಿನ ಮುಚ್ಚಳವನ್ನು ಸುಮ್ಮನೆ ಎರಡು ಸಲ ತಿರುಗಿಸಿದರು.

ಕಾನೂನಿನ ಪ್ರಕಾರ ಮನಸ್ಸು ಬದಲಾಯಿಸಲು ಆರು ತಿಂಗಳ ಅವಕಾಶವಿದೆ, ಅಷ್ಟರೊಳಗೆ ಇಬ್ಬರೂ ಯೋಚನೆ ಮಾಡಿ, ಆಮೇಲೂ ಬೇಕೆಂದರೆ ಬನ್ನಿ ಎಂದು ಹೇಳಿ, ಏನಾದರೂ ಕೇಳುವುದಿದೆಯೇ ಎಂದರು.

ಪವಿತ್ರ ಇಲ್ಲವೆಂದಳು. ಶಿವಶಂಕರ ಕೈ ಎತ್ತಿದ.

"ಒಂದು ಸಂದೇಹ ಮೇಡಂ. ಈ ಆರು ತಿಂಗ್ಳು ಇವ್ಳು ಕಾನೂನ್ ಪ್ರಕಾರ ಇನ್ನೂ ನನ್ ಹೆಂಡ್ತೀನೇ ಅಲ್ವಾ?"

"ಹೌದು."

"ಅಂಗಾರೆ ಬೆಳಿಗ್ಗೆ ಹೊತ್ತು ಮಾತ್ರ ಬಂದು... ನಮ್ಮವ್ವಂಗೆ ಮಂಡಿ ನೋವು ಜಾಸ್ತಿ ಆಗೈತೆ..."

ಸುಶಮೀಂದ್ರ ಅವನ ಪ್ಯಾಂಟು ಹಿಡಿದು ಕೂರಿಸಲು ನೋಡಿದ. ನ್ಯಾಯಾಧೀಶೆ ಮುಂದಿನ ತಾರೀಖು ಬರೆದು, ಫೈಲನ್ನು ಪಕ್ಕಕ್ಕೆ ಸರಿಸಿ, "ನೆಕ್ಸ್ಟ್," ಎಂದರು.

ಹೊರಗೆ ಮೆಟ್ಟಿಲ ಮೇಲೆ ಚೈತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪವಿತ್ರಳಿಗೆ ನಗು ಬರಲಿಲ್ಲ. ಅತ್ತೆಯ ಮಂಡಿ ನೋವಿಗೆ ಯಾವ ಎಣ್ಣೆ ಹಚ್ಚಿದರೆ ಕಡಿಮೆಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮೆಡಿಕಲ್ ಸ್ಟೋರಿಗೆ ಹೋಗಿ ಅದನ್ನು ಕೊಂಡು, ಬೂಕನಕೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ದೊಡ್ಡತಾಯಮ್ಮನವರಿಗೆ ತಲುಪಿಸಬೇಕು, ಬೇರೆ ಯಾರ ಕೈಗೂ ಕೊಡಬಾರದು ಎಂದು ಹೇಳಿದಳು. ಆಮೇಲೆ ಚೈತ್ರಳ ಜೊತೆ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದಳು.